ತಗಡಿನ ಸೂರು

ಹೊಳಲೂರಿನ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡೊಂದಿದೆ. ಅಲ್ಲಿ ಎರಡು ಹೊಲಿಗೆ ಮೆಷಿನ್ನು. ಒಂದು ನನ್ನದು, ಇನ್ನೊಂದು ನೆರವಿಗೆ ಬರುವ ಹುಡುಗಿಯದು. ಮಾರ್ಚ್ ಬಂತೆಂದರೆ ನಾನು ಕಾಜಾ ಹಾಕುವ ನೆಪದಲ್ಲಿ ಪಡಸಾಲೆಗೆ ಬರುತ್ತಿದ್ದೆ. ಅವಳು ಅಲ್ಲೇ ಬೇಯುತ್ತಿದ್ದಳು. ಒಂದು ಮಧ್ಯಾಹ್ನ ತಲೆ ಸುತ್ತಿ ಬಿದ್ದಳು. ನೀರು ಕುಡಿಸಿದಾಗ ಕೇಳಿದ್ದು ಒಂದೇ ಮಾತು: "ರವಿಕೆ ಬಟ್ಟೆಗೆ ಎಣ್ಣೆ ತಾಗಲಿಲ್ಲ ತಾನೇ, ಅಕ್ಕಾ?"

ನನಗೆ ನಾಚಿಕೆಯಾಯಿತು. ಪಕ್ಕದ ಕೊಟ್ಟಿಗೆಗೆ ಮಾತ್ರ ಪ್ರತಿವರ್ಷ ತಪ್ಪದೆ ಅಡಿಕೆ ಸೋಗೆ ಹೊದಿಸುತ್ತಿದ್ದೆವು. ಸೆಕೆಗೆ ಹಸು ಹಾಲು ಕಡಿಮೆ ಮಾಡೀತೆಂಬ ಭಯ. ಹುಡುಗಿ ಬಳಲಿದರೆ ನಮಗೇನೂ ಕಡಿಮೆಯಾಗದು. ಆದ್ದರಿಂದ ನೆನಪೂ ಆಗಲಿಲ್ಲ. ಲಾಭವಿದ್ದಲ್ಲಿ ಮಾತ್ರ ಹುಟ್ಟುವ ಕರುಣೆಯನ್ನು ಕರುಣೆ ಎನ್ನಬಹುದೇ?

ಪರಿಹಾರ ದುಬಾರಿಯದೇನಲ್ಲ. ತಗಡು ಬಿಸಿಲಿಗೆ ಬೇಗ ಕಾಯುತ್ತದೆ, ಇರುಳಿಗೆ ಬೇಗ ತಣಿಯುತ್ತದೆ. ಮೇಲೆ ಸೋಗೆ ಹೊದಿಸಿದೆವು. ಅದರ ಪದರಗಳ ನಡುವಿನ ಗಾಳಿ ಬಿಸಿಲು, ಚಳಿ ಎರಡನ್ನೂ ತಡೆಯುತ್ತದೆ. ಬಿಸಿಗಾಳಿ ಹೊರಹೋಗಲು ಮಾಡಿನ ಕೆಳಗೆ ಕಿಂಡಿ ಬಿಡಿಸಿದೆವು. ಚಳಿಗಾಲಕ್ಕೆ ಅದಕ್ಕೊಂದು ಗೋಣಿ ಪರದೆ. ಸೋಗೆಗೆ ಬೆಂಕಿಯ ಭಯವಿರುವುದರಿಂದ ಇಸ್ತ್ರಿಯ ಕೆಂಡ ಹೊರಗೇ.

ಈಗ ಮಧ್ಯಾಹ್ನ ನಾನೂ ಅಲ್ಲೇ ಕೂರುತ್ತೇನೆ. ಸೆಕೆ ಪೂರ್ತಿ ಹೋಗಿಲ್ಲ. ಎಷ್ಟು ಉಳಿದಿದೆಯೆಂದು ತಿಳಿಯಲು ಬೇರೆ ದಾರಿಯೂ ಇಲ್ಲ.