ಜೀರ್ಣವಸ್ತ್ರದ ಗತಿ

ಸವೆದ ಬಟ್ಟೆಯನ್ನು ಕಳಚಿ ಹೊಸದನ್ನು ಉಡುವಂತೆ ದೇಹಿಯು ಜೀರ್ಣವಾದ ಶರೀರವನ್ನು ತೊರೆದು ಬೇರೊಂದನ್ನು ಧರಿಸುವನೆಂಬ ಭಗವದ್ಗೀತೆಯ ಎರಡನೆಯ ಅಧ್ಯಾಯದ ಉಪಮೆಯನ್ನು ಸಾವಿನ ಮನೆಗಳಲ್ಲಿ ಎಷ್ಟೋ ಸಲ ಕೇಳಿ, ಅದರಿಂದ ಸಾಂತ್ವನವನ್ನೂ ಪಡೆದವನು ನಾನು. ಆದರೆ ಕಳಚಿದ ಆ ಬಟ್ಟೆ ಮುಂದೇನಾಯಿತು ಎಂಬ ಪ್ರಶ್ನೆ, ಬೇಸಗೆಯ ಒಂದು ಮಧ್ಯಾಹ್ನ ಬಂಕಾಪುರದ ಓಣಿಯೊಂದರಲ್ಲಿ ಕೌದಿ ಹೊಲಿಯುತ್ತಿದ್ದ ಹೆಂಗಸರ ಬಳಿ ಕುಳಿತಾಗಲೇ ಮೊದಲ ಸಲ ನನ್ನಲ್ಲಿ ಹುಟ್ಟಿತು.

ಜಗಲಿಯ ಮೇಲೆ ಹಳೆಯ ಸೀರೆಯೊಂದನ್ನು ಎಳೆದು ಹಾಸಿ, ಮೊಣಕಾಲಿನೆಡೆ ತೆಳುವಾದ ಧೋತರಗಳನ್ನು ಅದರ ಮೇಲೆ ಪದರಪದರವಾಗಿ ಹರಡಿ, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳನ್ನು ಜೋಡಿಸುತ್ತಿದ್ದರು: ಇಳಕಲ್ ಸೀರೆಯ ಸೆರಗಿನ ಕೆಂಪು, ಗುಳೇದಗುಡ್ಡದ ಖಣದ ಕುಪ್ಪಸದ ತೋಳು, ಯಾವುದೋ ಮಗುವಿನ ಅಂಗಿಯ ಕಿಸೆ, ದರ್ಜಿಯ ಅಂಗಡಿಯಿಂದ ಬೇಡಿ ತಂದ ಚಿಂದಿ. ಹೊಲಿಗೆ ಅಂಚಿನಿಂದ ಆರಂಭವಾಗಿ, ಗುಡಿಯ ಪ್ರದಕ್ಷಿಣೆಯಂತೆ ಸುತ್ತಿ ಸುತ್ತಿ ಒಳಕ್ಕೆ ಸರಿಯುತ್ತದೆ. ಸಾಲಿಗೂ ಸಾಲಿಗೂ ಬೆರಳಗಲದಷ್ಟೇ ಅಂತರ. ಸೂಜಿ ಬಿಗಿಯಾದಾಗ ಅದನ್ನು ಎಣ್ಣೆ ಹಚ್ಚಿದ ತಲೆಗೂದಲಲ್ಲಿ ಒಮ್ಮೆ ಸವರಿ ಮತ್ತೆ ಚುಚ್ಚುತ್ತಾರೆ. ನಾಲ್ಕು ಬದಿಗೆ ನಾಲ್ವರು ಕುಳಿತಿದ್ದರು. ಇಬ್ಬರು ಮನೆಯವರು, ಒಬ್ಬಾಕೆ ಪಕ್ಕದ ಮನೆಯವಳು, ಮತ್ತೊಬ್ಬಾಕೆ ಎದುರು ಮನೆಯ ಮುಸಲ್ಮಾನ ಮುದುಕಿ. ಶಿಶುನಾಳ ಶರೀಫರೂ ಅವರ ಗುರು ಗೋವಿಂದಭಟ್ಟರೂ ನಡೆದಾಡಿದ ಸೀಮೆಯಲ್ಲಿ ಇದನ್ನು ವಿಶೇಷವೆಂದು ಬಗೆಯುವವರು ಅಲ್ಲಿ ಯಾರೂ ಇರಲಿಲ್ಲ. ಆ ಮನೆಯ ಸೊಸೆ ತುಂಬಿದ ಬಸುರಿ. ಕೌದಿ ಬರಲಿರುವ ಕೂಸಿಗೆ.

ದೇಹತ್ಯಾಗದ ದೊಡ್ಡ ನೆನಪೊಂದು ಬಂಕಾಪುರಕ್ಕೆ ಉಂಟು. ರಾಷ್ಟ್ರಕೂಟರ ಸಾಮಂತ ಬಂಕೇಯನಿಂದ ಹೆಸರು ಪಡೆದ ಈ ಊರಿನಲ್ಲಿಯೇ, ಕ್ರಿ. ಶ. 974ರ ಸುಮಾರಿಗೆ, ಗಂಗರ ಅರಸು ಮಾರಸಿಂಹನು ರಾಜ್ಯವನ್ನು ತೊರೆದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನು ಕೈಕೊಂಡು ಮುಡಿಪಿದನೆಂದು ಶ್ರವಣಬೆಳಗೊಳದ ಶಾಸನದಿಂದ ತಿಳಿದುಬರುತ್ತದೆ. ಎಷ್ಟೋ ಕಾಳಗಗಳನ್ನು ಗೆದ್ದ ದೊರೆ ತನ್ನ ಶರೀರವನ್ನು ಉಟ್ಟು ಸವೆದ ಬಟ್ಟೆಯಂತೆ ಮಡಿಸಿಟ್ಟು ಹೊರಟ ಆ ನಿಶ್ಚಯಕ್ಕೆ ನನ್ನ ತಲೆ ತಾನಾಗಿಯೇ ಬಾಗುತ್ತದೆ. ಅದು ಹೊರಡುವವನ ದರ್ಶನ. ಉಳಿಯುವವರಿಗೂ ಒಂದು ದರ್ಶನ ಬೇಕಲ್ಲವೆ?

ಬೌದ್ಧ ಭಿಕ್ಷುಗಳೂ ಚಿಂದಿಯ ಮಹಿಮೆಯನ್ನು ಬಲ್ಲವರೇ. ಕಸದ ರಾಶಿಯಿಂದಲೂ ಸ್ಮಶಾನದಿಂದಲೂ ಆಯ್ದ ಪಾಂಸುಕೂಲವನ್ನು ಅವರು ಹೊಲಿದು ಉಟ್ಟರು. ಬದುಗಳಿಂದ ವಿಭಾಗವಾದ ಮಗಧದ ಗದ್ದೆಗಳನ್ನು ತೋರಿಸಿ, ಚೀವರವನ್ನು ಆ ಮಾದರಿಯಲ್ಲಿ ರಚಿಸಲಾದೀತೆ ಎಂದು ಬುದ್ಧನು ಆನಂದನನ್ನು ಕೇಳಿದ ಪ್ರಸಂಗ ವಿನಯಪಿಟಕದಲ್ಲಿ ಬರುತ್ತದೆ. ಆದರೆ ಭಿಕ್ಷುವಿನ ಚಿಂದಿಗೆ ಒಡೆಯನಿಲ್ಲ. ಮಮತೆಗೆ ಎಡೆಯಿಲ್ಲದಿರುವುದೇ ಅದರ ಶುದ್ಧಿ. ಕೌದಿಯ ತುಂಡಿಗಾದರೋ ಮಮತೆಯೇ ಪ್ರಾಣ. "ಇದು ನಮ್ಮತ್ತೀದು, ಇದು ಸಣ್ಣವನ ಲಗ್ನದಾಗ ಉಟ್ಟಿದ್ದು" ಎಂದು ಬೆರಳಿಟ್ಟು ಹೇಳುತ್ತಲೇ ಅವರು ಹೊಲಿಯುತ್ತಾರೆ. ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಡಲು ಅಂಜುವ ನಮ್ಮ ಸಮಾಜದಲ್ಲಿಯೇ, ಅಜ್ಜಿಯ ಸೀರೆಯನ್ನು ಒಗೆದು, ಬಿಸಿಲಿಗೆ ಹಾಕಿ, ಹುಟ್ಟಲಿರುವ ಕೂಸಿನ ಹಾಸಿಗೆಗೆ ಸೇರಿಸುವ ರೂಢಿಯೂ ಬದುಕಿ ಬಂದಿದೆ. ಶಾಸ್ತ್ರದ ಅಪ್ಪಣೆಯನ್ನು ಅವರು ಕೇಳಲು ಹೋದಂತಿಲ್ಲ. ನೂರು ಸಲ ಒಗೆದ ಹತ್ತಿಯಷ್ಟು ಮೆತ್ತಗಿನದು ಯಾವ ಅಂಗಡಿಯಲ್ಲಿಯೂ ಸಿಗದೆಂಬುದು ಅವರಿಗೆ ಗೊತ್ತು, ಅಷ್ಟೇ.

ಇಲ್ಲಿಂದ ಪಡುವಣಕ್ಕೆ, ಮುಂಡಗೋಡ, ಯಲ್ಲಾಪುರ, ಹಳಿಯಾಳಗಳ ಕಾಡಂಚಿನ ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗಳಿಗೂ ಮಡಿಸಿದ ತ್ರಿಕೋನದ ತುಂಡುಗಳನ್ನು ಹೂವೆಂದು ಕೂಡಿಸುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಹೊದಿಕೆಗೇ ಲಜ್ಜೆಯುಂಟೆಂದು ಭಾವಿಸಬಲ್ಲ ಮನಸ್ಸು ಬಟ್ಟೆಯನ್ನು ಕೇವಲ ಜಡವೆಂದು ಎಣಿಸೀತೆ?

ಗೀತೆ ಹೇಳಿದ್ದು ಆತ್ಮನ ವಿಷಯ, ನೀನು ಉಪಮಾನದ ಬಟ್ಟೆಯನ್ನು ಹಿಡಿದು ಜಗ್ಗುತ್ತಿರುವೆ ಎಂದು ವೇದಾಂತಿಗಳು ಆಕ್ಷೇಪಿಸಿಯಾರು. ಉಡುವವನು ನಿತ್ಯನೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ತಾಯಿ ತೀರಿಕೊಂಡಾಗ ನಾನು ಕಳೆದುಕೊಂಡದ್ದು, ಎಂದೂ ನಾಶವಾಗದ ಆ ಆತ್ಮವನ್ನು ಹೇಗಾದೀತು? ಅವಳ ಅಂಗೈಯ ಒರಟನ್ನು, ನಸುಕಿನ ಕೆಮ್ಮನ್ನು, ರೊಟ್ಟಿ ಬಡಿಯುವ ಲಯವನ್ನು ಕಳೆದುಕೊಂಡೆ, ಎಂದರೆ ವಸ್ತ್ರವನ್ನೇ. ಆ ಉಪಮೆ ನನ್ನ ಕೈಬಿಟ್ಟಿದ್ದ ಸ್ಥಳ ಇದು. ಈಗ ನನ್ನ ತಂಗಿ ರೊಟ್ಟಿ ಬಡಿಯುವಾಗ ಅದೇ ಲಯ ಕೇಳಿಬರುತ್ತದೆ, ನೆರೆಮನೆಯಿಂದ ಅವಳು ಕಲಿತ ಬೇರೊಂದು ಲಯದೊಡನೆ ಕೂಡಿಕೊಂಡು. ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ತೊಡಗುವುದೆಂದು ಬಿಡಿಸಲಾರೆ. ಕೌದಿಗೂ ಇದೇ ಗತಿ. ಅದು ಹರಿದಾಗ ಎಸೆಯದೆ, ಹೊಸ ಕೌದಿಯ ಹೊಟ್ಟೆಗೆ ಪದರವಾಗಿ ಇಡುತ್ತಾರೆ. ಎರಡು ತಲೆಮಾರು ಕಳೆದರೆ ಯಾರ ಸೀರೆ ಎಂದು ಬೆರಳಿಟ್ಟು ಹೇಳುವವರೂ ಉಳಿಯರು, ಬಿಸುಪು ಮಾತ್ರ ಉಳಿಯುತ್ತದೆ.

ಏಳುವ ಮುನ್ನ ಆ ಮನೆಯ ಹಿರಿಯಳನ್ನು, ನಿಮ್ಮ ಅಜ್ಜಿಯ ಸೀರೆ ಇದರಲ್ಲಿ ಎಲ್ಲಿದೆ ಎಂದು ಕೇಳಿದೆ. "ಕಾಣೂದಿಲ್ರಿ, ಒಳಗೈತಿ" ಎಂದು ಆಕೆ ಕೌದಿಯ ನಡುವೆ ಅಂಗೈ ಊರಿ ತೋರಿಸಿದಳು. ಆಮೇಲೆ, ಸೂಜಿಯ ಕಣ್ಣು ಕಾಣದೆ, ದಾರ ಪೋಣಿಸಿಕೊಡಲು ಎದುರು ಮನೆಯ ಮುದುಕಿಯ ಮೊಮ್ಮಗಳನ್ನು ಕೂಗಿ ಕರೆದಳು.