ಕೂಸು ಬರುವ ಮನೆಯೂ ಮೊದಲೇ ಇದ್ದ ಪ್ರಾಣಿಯೂ

ಹಿಂದೆ ಅತ್ತಿಕುಪ್ಪೆಯೆಂದು ಹೆಸರಾಗಿದ್ದ ಕೃಷ್ಣರಾಜಪೇಟೆಯ ಸೀಮೆಯಲ್ಲಿ ಚೊಚ್ಚಲ ಬಾಣಂತನವು ತವರುಮನೆಯಲ್ಲಿ ನಡೆಯುವುದು ಇಂದಿಗೂ ಇರುವ ರೂಢಿ. ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಗಂಡನ ಮನೆಯವರು ಹೋಗಿ ತಾಯಿಮಕ್ಕಳನ್ನು ಕರೆತರುವರು. ಆ ದಿನಕ್ಕಾಗಿ ತೊಟ್ಟಿಲನ್ನು ತೊಳೆದಿಡುವರು, ನಡುಮನೆಯನ್ನು ಸಾರಿಸುವರು, ಆರತಿಯ ತಟ್ಟೆಯನ್ನು ಅಣಿಮಾಡುವರು. ಆದರೆ ಅದೇ ಮನೆಯಲ್ಲಿ ಆರೇಳು ವರ್ಷಗಳಿಂದ ಅನ್ನ ತಿಂದುಕೊಂಡಿರುವ ನಾಯಿಗಾಗಲಿ ಬೆಕ್ಕಿಗಾಗಲಿ ಈ ಸಮಾಚಾರವನ್ನು ಮುಟ್ಟಿಸಿದವರಾರು? ಒಂಟಿಯಾಗಿ ಹೊರಟುಹೋದ ಸೊಸೆಯು ತಿಂಗಳುಗಳ ತರುವಾಯ ಹೊಸದೊಂದು ವಾಸನೆಯನ್ನೂ ಹೊಸದೊಂದು ಅಳುವನ್ನೂ ಹೊತ್ತು ಬರುತ್ತಾಳೆ. ಆ ಗಳಿಗೆಯಿಂದಲೇ ನಡುಮನೆಯಿಂದ ಪ್ರಾಣಿಯನ್ನು ಅಟ್ಟುವುದೂ ಮೊದಲಾಗುತ್ತದೆ.

ಅಟ್ಟುವುದಷ್ಟೇ ಆದರೆ ಲೇಸು. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆಗೆ ಬಿಟ್ಟುಬರುವವರೂ ಉಂಟು. ಕೂಸಿಗಿಂತ ಬೆಕ್ಕು ಹೆಚ್ಚೆ ಎಂಬುದು ಅವರ ಸಮಾಧಾನ. ಹೆಚ್ಚಲ್ಲ, ಆದರೆ ವಿಚಾರಣೀಯವಾದ ಪ್ರಶ್ನೆ ಅದಲ್ಲ. ಕರೆದು ಹಾಲನ್ನವಿಟ್ಟು, ಮನುಷ್ಯನ ಕೈಯನ್ನೇ ನಂಬುವಂತೆ ಮಾಡಿದವನು, ಆ ನಂಬಿಕೆ ತನಗೆ ಅನನುಕೂಲವಾದ ದಿನ ಅದನ್ನು ಹಿಂದಕ್ಕೆ ಕೊಡಬಹುದೆ ಎಂಬುದೇ ಪ್ರಶ್ನೆ. ತಕ್ಕ ಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಗುರಿಯಾಗುವಂತೆ ತೊರೆಯುವುದನ್ನು 1960ರ ಪ್ರಾಣಿಹಿಂಸಾ ನಿವಾರಣೆಯ ಕಾನೂನು ಅಪರಾಧವೆಂದೇ ಎಣಿಸಿದೆ. ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಡಲೊಲ್ಲದ ಧರ್ಮರಾಯನನ್ನು ಇಲ್ಲಿ ಸಾಕ್ಷಿಗೆ ಕರೆಯುವುದು ಸುಲಭ. ಆದರೆ ಅವನ ಕಂಕುಳಲ್ಲಿ ಕೂಸಿರಲಿಲ್ಲ.

ಇದೇ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಈ ವಿಷಯಕ್ಕೆ ಇನ್ನೂ ಹತ್ತಿರವಾದುದು. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಕಡೆಯ ಮಣಲೆರನೆಂಬ ವೀರನು ಮೆಚ್ಚಿನ ಕೊಡುಗೆಯಾಗಿ ಪಡೆದುದು ಕಾಳಿಯೆಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಮಡಿದುವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಕೃತಜ್ಞತೆಯೇನೋ ಶ್ಲಾಘ್ಯವೇ, ಆದರೆ ಸತ್ತ ವೀರನಾಯಿಗೆ ಕಲ್ಲು ನಿಲ್ಲಿಸುವಷ್ಟು ಸುಲಭವಲ್ಲ, ಹಂದಿಯನ್ನಿರಲಿ ಇಲಿಯನ್ನೂ ಹಿಡಿಯದ ಮುದಿಪ್ರಾಣಿಗೆ ಬಾಣಂತಿಯಿರುವ ಮನೆಯಲ್ಲಿ ಒಂದು ಮೂಲೆಯನ್ನು ಬಿಡುವುದು.

ಕೂಸನ್ನು ಹಾವಿನಿಂದ ಕಾಪಾಡಿ ಪ್ರಾಣ ಕಳೆದುಕೊಂಡ ಪಂಚತಂತ್ರದ ಮುಂಗುಸಿಯ ಕಥೆಯನ್ನು ಆತುರದ ಕೇಡಿಗೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಆದರೆ ಕೂಸನ್ನೂ ಮುಂಗುಸಿಯನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ದೊಡ್ಡವರೆಲ್ಲರೂ ಹೊರಟುಹೋದರಲ್ಲ, ತಪ್ಪು ಅಲ್ಲಿಯೇ ಮೊದಲಾಯಿತು. ಮೊದಲು ಅತಿಯಾದ ನಂಬಿಕೆ, ಆಮೇಲೆ ಅತಿಯಾದ ಸಂಶಯ. ನಡುವೆ ಇರಬೇಕಾಗಿದ್ದ ಎಚ್ಚರ ಮಾತ್ರ ಆ ಮನೆಯಲ್ಲಿರಲಿಲ್ಲ. ಎಷ್ಟೇ ಸಾಧುವಾದ ನಾಯಿಯಾದರೂ ಹಸುಗೂಸಿನ ಬಳಿ ಅದನ್ನು ಒಂಟಿಯಾಗಿ ಬಿಡಲಾಗದು. ಇದು ನಾಯಿಯ ಮೇಲಣ ಅಪವಾದವಲ್ಲ.

ಹಾಗಾದರೆ ಮಾಡತಕ್ಕದ್ದು ಬಹಳವೇನೂ ಇಲ್ಲ, ಮುಂಚಿತವಾಗಿ ಮಾಡಬೇಕು, ಅಷ್ಟೆ. ಹುಚ್ಚುನಾಯಿರೋಗದ ಲಸಿಕೆಯನ್ನೂ ಜಂತಿನ ಔಷಧವನ್ನೂ ಮೊದಲೇ ಹಾಕಿಸಬೇಕು. ಬೆಕ್ಕಿನ ಮಲದಿಂದ ಹರಡುವ ಒಂದು ಸೋಂಕು ಗರ್ಭಸ್ಥ ಶಿಶುವನ್ನು ಬಾಧಿಸಬಲ್ಲುದಾದ್ದರಿಂದ, ಅದನ್ನು ಬಳಿಯುವ ಕೆಲಸವನ್ನು ಬಸುರಿಗೆ ಬಿಡದೆ ಮನೆಯ ಗಂಡಸರು ಮಾಡಲಿ; ಅವರಿಗೂ ಇದು ಒಂದು ಸಿದ್ಧತೆಯೇ. ನಾಯಿಯು ಮಲಗುವ ಎಡೆಯನ್ನು ಬದಲಿಸುವುದಾದರೆ ಕೂಸು ಬರುವುದಕ್ಕೆ ವಾರಗಳ ಮುಂಚೆಯೇ ಬದಲಿಸಬೇಕು. ಇಲ್ಲವಾದರೆ ತನ್ನ ಜಾಗವನ್ನು ಕಸಿದುಕೊಂಡುದು ಆ ಅಳುವೇ ಎಂದು ಅದು ಎಣಿಸೀತು. ತೊಟ್ಟಿಲಿಡುವ ಶಾಸ್ತ್ರಕ್ಕೆ ಬೀಗರ ಊರಿಗೆ ಹೋದವರು ಕೂಸು ಹೊದ್ದ ಬಟ್ಟೆಯೊಂದನ್ನು ತಂದು ಅದಕ್ಕೆ ಮೂಸಲು ಕೊಟ್ಟರೆ, ಅತಿಥಿಗಿಂತ ಮೊದಲು ಅತಿಥಿಯ ಪರಿಚಯವಾಗುತ್ತದೆ. ಕರೆತಂದ ದಿನ ಬಾಣಂತಿಯು ಕೂಸನ್ನು ಅತ್ತೆಯ ಕೈಗಿತ್ತು, ಬರಿಗೈಯಲ್ಲಿ ಬಂದು, ತನ್ನನ್ನು ಇಷ್ಟುದಿನ ಕಾದಿದ್ದ ಪ್ರಾಣಿಯ ತಲೆಯನ್ನು ಒಮ್ಮೆ ಸವರಲಿ. ಮುಂದೆ ಅಂಬೆಗಾಲಿಟ್ಟು ಬಂದು ಬಾಲವನ್ನು ಹಿಡಿದೆಳೆಯುವುದು ಆ ಕೂಸೇ; ಆಗ ಅದಕ್ಕೆ ಸರಿದು ಕುಳಿತುಕೊಳ್ಳಲು ಜಗಲಿಯ ಮೇಲೆ ಕೂಸಿನ ಕೈಗೆ ನಿಲುಕದ ಒಂದು ಎಡೆಯಿರಬೇಕು.