ಅನ್ಯರ ಜಯಾಪಜಯ ಮತ್ತು ಶ್ರಾವಕನ ಮನಸ್ಸು

ಸ್ಪರ್ಧೆಯೆಂಬುದು ಸ್ವಭಾವತಃ ಹಿಂಸೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದೆಂದು ಉತ್ತರಿಸಲು ಜೈನ ಪರಂಪರೆ ಅವಕಾಶ ಕೊಡುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ದೊಡ್ಡಬೆಟ್ಟದ ಮೇಲೆ ನಿಂತಿರುವ ಸ್ವಾಮಿಯ ಚರಿತೆಯೇ ಒಂದು ಸ್ಪರ್ಧೆಯಿಂದ ತಿರುವು ಪಡೆದದ್ದು. ಭರತ ಬಾಹುಬಲಿಗಳ ಸೈನ್ಯಗಳು ಇದಿರಾದಾಗ ಮಂತ್ರಿಗಳು ಯೋಚಿಸಿದ ಬಗೆಯನ್ನು ಆದಿಪುರಾಣವು ಹೇಳುತ್ತದೆ. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಅವರಿಗೆ ಏನೂ ಆಗದು. ಸಾಯುವವರು ಅವರಿಗಾಗಿ ಕಾದಲು ಬಂದ ಸಾಮಾನ್ಯ ಸೈನಿಕರು. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳು ಗೊತ್ತಾದವು. ಆಯುಧ ಹಿಡಿದು ಬಂದಿದ್ದ ಎರಡೂ ಕಡೆಯ ಸೇನೆ ಆ ದಿನ ಪ್ರೇಕ್ಷಕರಾಗಿ ನಿಂತು ಜೀವ ಉಳಿಸಿಕೊಂಡಿತು. ಅಲ್ಲಿ ಸ್ಪರ್ಧೆಯು ಹಿಂಸೆಯನ್ನು ತಡೆಯಿತು. ಹಿಂಸೆ ಮರಳಿ ತಲೆಯೆತ್ತಿದ್ದು ಸ್ಪರ್ಧೆ ಮುಗಿದ ಮೇಲೆ, ಸೋತ ಅಣ್ಣನು ಸೋಲನ್ನು ಸಹಿಸಲಾರದೆ ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸಿದ ಕ್ಷಣದಲ್ಲಿ. ಗೆದ್ದವನು ಅದನ್ನು ಕಂಡು ಗೆಲುವನ್ನೂ ರಾಜ್ಯವನ್ನೂ ಬಿಟ್ಟು ನಡೆದನು.

ಎದುರಿನ ಚಿಕ್ಕಬೆಟ್ಟದಲ್ಲಿಯೂ ಈ ವಿಷಯಕ್ಕೊಂದು ಸಾಕ್ಷ್ಯವಿದೆ; ಯಾತ್ರಿಕರಲ್ಲಿ ಬಹುಮಂದಿ ಅದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಗಂಧವಾರಣ ಬಸದಿಯ ಬಳಿಯ ಕಂಬದ ಶಾಸನವು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮೊಮ್ಮಗನಾದ ಇಂದ್ರರಾಜನಿಗೆ ಸಂಬಂಧಿಸಿದ್ದು. ಕ್ರಿ.ಶ. 982ರಲ್ಲಿ ಇಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಈ ಅರಸನನ್ನು ಹೊಗಳುವಾಗ ಶಾಸನಕವಿಯು ಹಲವು ಪದ್ಯಗಳನ್ನು ಮೀಸಲಿಟ್ಟಿರುವುದು ಚೆಂಡಾಟದಲ್ಲಿ ಅವನಿಗಿದ್ದ ಕೌಶಲಕ್ಕೆ. ವಿದ್ವಾಂಸರು ಅದನ್ನು ಪೋಲೋ ಮಾದರಿಯ ಆಟವೆಂದು ಗುರುತಿಸಿದ್ದಾರೆ. ಸರ್ವವನ್ನೂ ತ್ಯಜಿಸಿ ಸಮಾಧಿಮರಣವನ್ನು ಪಡೆದವನ ಸ್ಮಾರಕದಲ್ಲಿ ಚೆಂಡಾಟದ ವರ್ಣನೆ ಇರುವುದು ಆ ಕಾಲದ ಜೈನರಿಗೆ ಅಸಂಗತವೆನಿಸಲಿಲ್ಲ. ಅಂದಮೇಲೆ ಆಟವನ್ನಾಗಲಿ, ದೇಹದ ಪಳಗಿಕೆಯನ್ನಾಗಲಿ ಧರ್ಮವು ಕೀಳೆಂದು ಕಂಡಿತೆನ್ನುವುದು ಸರಿಯಲ್ಲ.

ಹಾಗಾದರೆ ದೋಷವಿರುವುದೆಲ್ಲಿ? ಆಚಾರ್ಯರು ಅದನ್ನು ಆಟದ ಕಣದಲ್ಲಿ ಹುಡುಕದೆ ಬೇರೊಂದು ಕಡೆಯಲ್ಲಿ ತೋರಿಸಿದ್ದಾರೆ. ಶ್ರಾವಕನ ಗುಣವ್ರತಗಳಲ್ಲಿ ಒಂದು ಅನರ್ಥದಂಡವಿರತಿ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪದಿಂದ ದೂರವಿರುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಂತಹ ಅನರ್ಥದಂಡಗಳನ್ನು ಐದೆಂದು ಎಣಿಸುತ್ತಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ಅಪಧ್ಯಾನವನ್ನು ವಿವರಿಸುವಾಗ ಪೂಜ್ಯಪಾದರ ಸರ್ವಾರ್ಥಸಿದ್ಧಿ ಮೊದಲು ಹೆಸರಿಸುವುದೇ ಅನ್ಯರ ಜಯ ಮತ್ತು ಪರಾಜಯಗಳು ಹೇಗಾದಾವು ಎಂದು ಮನಸ್ಸಿನಲ್ಲಿ ಹೊಸೆಯುತ್ತಿರುವುದನ್ನು. ವಧೆ, ಬಂಧನಗಳ ಚಿಂತನೆಯ ಮಾತು ಆಮೇಲೆ ಬರುತ್ತದೆ. ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯದಲ್ಲಿಯೂ ಬೇಟೆ, ಯುದ್ಧ, ಕಳವುಗಳ ಸಾಲಿನಲ್ಲಿಯೇ ಜಯಪರಾಜಯಗಳ ಚಿಂತೆ ಸೇರಿದೆ. ಇನ್ನು ದುಃಶ್ರುತಿಯೆಂದರೆ ರಾಗ, ದ್ವೇಷ, ಮದ, ಸಾಹಸಗಳಿಂದ ಚಿತ್ತವನ್ನು ಕಲಕುವ ಕಥನಗಳನ್ನು ಕೇಳುವುದು. ಸಾವಿರ ವರ್ಷಕ್ಕೂ ಹಿಂದಿನ ಈ ಪಟ್ಟಿಯನ್ನು ಇಂದು ಓದಿದವರಿಗೆ ಮನೆಯ ನಡುಕೋಣೆಯ ದೂರದರ್ಶನ ಪೆಟ್ಟಿಗೆ ನೆನಪಾದರೆ ಆಶ್ಚರ್ಯವಿಲ್ಲ.

ತನ್ನದಲ್ಲದ ಗೆಲುವಿನ ಚಿಂತೆ ಒಂದು ದೊಡ್ಡ ಉದ್ಯಮವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1961ರಲ್ಲಿ ಒಂದು ಕಾನೂನು ಬಂದಿತು. ವೃತ್ತಿಪರ ಕ್ರೀಡಾ ಲೀಗುಗಳು ತಮ್ಮ ಎಲ್ಲ ತಂಡಗಳ ಪ್ರಸಾರದ ಹಕ್ಕನ್ನು ಒಟ್ಟುಗೂಡಿಸಿ ದೂರದರ್ಶನ ಸಂಸ್ಥೆಗಳಿಗೆ ಮಾರಬಹುದೆಂದು ಅದು ಅನುಮತಿ ನೀಡಿತು. ಅಲ್ಲಿಯವರೆಗೆ ಆಟದ ಆದಾಯ ಬಹುಮಟ್ಟಿಗೆ ಟಿಕೆಟು ಕೊಂಡು ಬಂದವನಿಂದ ಬರುತ್ತಿತ್ತು. ಕ್ರಮೇಣ ಅದು ಮನೆಯಲ್ಲಿ ಕುಳಿತವನ ಕಣ್ಣಿನಿಂದ ಬರತೊಡಗಿತು. ಜಾಹೀರಾತುದಾರನು ಕೊಳ್ಳುವುದು ಆಟವನ್ನಲ್ಲ, ನೋಡುವವನ ಗಮನವನ್ನು. 1967ರಲ್ಲಿ ಆರಂಭವಾದ ಸೂಪರ್ ಬೌಲ್ ಪಂದ್ಯದ ದಿನ ಆ ದೇಶದಲ್ಲಿ ಹಬ್ಬದ ದಿನದಂತೆಯೇ ಆಗಿಹೋಯಿತು. 1979ರಲ್ಲಿ ಇಎಸ್‌ಪಿಎನ್ ಎಂಬ ಕ್ರೀಡಾವಾಹಿನಿ ಆರಂಭವಾಯಿತು. ದಿನದ ಎಲ್ಲ ಹೊತ್ತನ್ನೂ ಆಟದಿಂದ ತುಂಬಿಸುವುದು ಸಾಧ್ಯವಿಲ್ಲ. ಆಟದ ಬಗೆಗಿನ ಮಾತಿನಿಂದ ತುಂಬಿಸುವುದು ಸಾಧ್ಯ. ಯಾರು ಗೆದ್ದಾರು, ಯಾರು ಸೋತಾರು, ಯಾರ ಮಾನ ಹೋಯಿತು ಎಂಬ ಚರ್ಚೆಗೆ ಕೊನೆಯಿಲ್ಲ. ಅಪಧ್ಯಾನಕ್ಕೆ ದುಃಶ್ರುತಿಯ ನೆರವು ದೊರೆತುದು ಹೀಗೆ.

ಅಮೆರಿಕದಲ್ಲಿಯೇ ಇದನ್ನು ಪ್ರಶ್ನಿಸಿದವರಿದ್ದಾರೆ. ಆಲ್ಫಿ ಕೋನ್ ಎಂಬ ಲೇಖಕರು 1986ರ ತಮ್ಮ ‘ನೋ ಕಾಂಟೆಸ್ಟ್’ ಗ್ರಂಥದಲ್ಲಿ, ಒಬ್ಬನ ಯಶಸ್ಸಿಗೆ ಮತ್ತೊಬ್ಬನ ಸೋಲು ಅಗತ್ಯವಾಗುವಂತೆ ಕಟ್ಟಿದ ಯಾವ ವ್ಯವಸ್ಥೆಯೂ, ಅದು ಆಟವೇ ಆಗಿರಲಿ, ಮನುಷ್ಯನಿಗೆ ಹಿತವಲ್ಲವೆಂದು ವಾದಿಸಿದರು. ಅದು ತುಸು ಅತಿಯಾಯಿತೆನ್ನಬೇಕು. ಆದರೆ ಮುಂದೆ ಬೆಳಕಿಗೆ ಬಂದ ಒಂದು ಸಂಗತಿ ಹೆಚ್ಚು ಗಂಭೀರವಾದುದು. 2002ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ತೀರಿಕೊಂಡ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಫುಟ್‌ಬಾಲ್ ಆಟಗಾರನ ಮಿದುಳನ್ನು ಪರೀಕ್ಷಿಸಿದ ವೈದ್ಯ ಬೆನೆಟ್ ಒಮಾಲು ಅವರು, ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಉಂಟಾದ ರೋಗವನ್ನು ಅದರಲ್ಲಿ ಗುರುತಿಸಿದರು. ಅನಂತರ ಅಂತಹ ಮಿದುಳುಗಳು ಅನೇಕ ದೊರೆತವು. ಆಟಗಾರರು ಮೊಕದ್ದಮೆ ಹೂಡಿದರು, ಲೀಗು ಪರಿಹಾರ ಕೊಡಲು ಒಪ್ಪಿತು. ನೋಡುವವರ ಸಂಖ್ಯೆಗೆ ಮಾತ್ರ ಧಕ್ಕೆ ಬರಲಿಲ್ಲ.

ಇಲ್ಲಿ ಜೈನನೀತಿ ಒಂದು ಖಚಿತವಾದ ಮಾತನ್ನು ಹೇಳುತ್ತದೆ. ಹಿಂಸೆಯನ್ನು ತಾನೇ ಮಾಡುವುದು ಕೃತ, ಮಾಡಿಸುವುದು ಕಾರಿತ, ಮಾಡುವವನನ್ನು ಮೆಚ್ಚುವುದು ಅನುಮತ. ಮೂರೂ ಆಸ್ರವಕ್ಕೆ ಬಾಗಿಲೇ. ಪೆಟ್ಟು ಬಿದ್ದಾಗ ಚಪ್ಪಾಳೆ ತಟ್ಟುವವನು, ತಾನು ಯಾರಿಗೂ ಹೊಡೆಯಲಿಲ್ಲವಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಪ್ರೇಕ್ಷಕನಿಗೆಂದೇ ಒಂದು ಹೊಣೆಯನ್ನು ಇಷ್ಟು ಸ್ಪಷ್ಟವಾಗಿ ಗೊತ್ತುಮಾಡಿದ ಚಿಂತನೆ ವಿರಳ.

ಹೇಮಾವತಿಯ ದಂಡೆಯ ಗೊರೂರಿನವರಾದ ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕವನ್ನು ನೋಡಿಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹಾಸನ ಜಿಲ್ಲೆಯವರಿಗೆ ಆಗ ಅಮೆರಿಕವೆಂದರೆ ಹೋಗಿ ನೋಡಿಬರಬೇಕಾದ ದೇಶ. ಈಗ ಅದರ ವಿರಾಮದ ರೀತಿಗಳು ತಾವಾಗಿಯೇ ಮನೆಗೆ ಬಂದಿವೆ. 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲವೆಂದು ತೀರ್ಪಿತ್ತಿತು. 2008ರಲ್ಲಿ ಅಮೆರಿಕದ ಲೀಗುಗಳ ಮಾದರಿಯನ್ನೇ ಹೋಲುವ, ಊರಿಗೊಂದು ತಂಡ ತಂಡಕ್ಕೊಬ್ಬ ಒಡೆಯನೆಂಬ ಐಪಿಎಲ್ ಆರಂಭವಾಯಿತು. 2023ರಿಂದ 2027ರವರೆಗಿನ ಐದು ವರ್ಷಗಳಿಗೆ ಅದರ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗಳಿಗೆ. ಆ ಹಣವೆಲ್ಲ ಕೊನೆಗೆ ಹುಟ್ಟುವುದು ಹಾಸನ, ಹೊಳೆನರಸೀಪುರ, ಅರಕಲಗೂಡುಗಳಂತಹ ಊರುಗಳಲ್ಲಿ ಪೆಟ್ಟಿಗೆಯ ಮುಂದೆ ಕುಳಿತ ಕುಟುಂಬಗಳ ಸಂಜೆಗಳಿಂದಲೇ. ತಾಲ್ಲೂಕು ಕೇಂದ್ರಗಳ ಟೆನಿಸ್ ಬಾಲ್ ಪಂದ್ಯಾವಳಿಗಳಿಗೂ ಪ್ರೀಮಿಯರ್ ಲೀಗ್ ಎಂಬ ಹೆಸರು ಬಂದಿದೆ. ಆಟಗಾರ ಹುಡುಗರನ್ನು ಹರಾಜು ಕೂಗುವುದೂ ಬಂದಿದೆ. ಮನುಷ್ಯನ ಹೆಸರಿನ ಮುಂದೆ ಬೆಲೆ ಕೂಗುವುದು ತಮಾಷೆಯೆಂದು ಒಪ್ಪಿದರೂ, ಯಾರೂ ಕೂಗದೆ ಉಳಿದ ಹುಡುಗನ ಮುಖವನ್ನು ಹಿರಿಯರು ಒಮ್ಮೆ ನೋಡಬೇಕು.

ರಾತ್ರಿಯ ಪಂದ್ಯ ಆರಂಭವಾಗುವುದು ಏಳೂವರೆಗೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಅದು ಸಾಮಾಯಿಕದ, ಸ್ವಾಧ್ಯಾಯದ ಹೊತ್ತು. ಅಜ್ಜಿಯರು ಮಕ್ಕಳಿಗೆ ಪುರಾಣದ ಕಥೆ ಹೇಳುತ್ತಿದ್ದ ಹೊತ್ತು. ಮಹಾವೀರ ಜಯಂತಿ ಬರುವುದೂ ಬಹುತೇಕ ವರ್ಷಗಳಲ್ಲಿ ಈ ಪಂದ್ಯಗಳ ಕಾಲದಲ್ಲಿಯೇ. ರಾತ್ರಿಭೋಜನತ್ಯಾಗವನ್ನು ಪಾಲಿಸುವ ಮನೆಯಲ್ಲಿಯೂ ಕೊನೆಯ ಓವರುಗಳ ವೇಳೆಗೆ ಕುರುಕುತಿಂಡಿಯ ತಟ್ಟೆ ಕಾಣಿಸಿಕೊಳ್ಳುವುದುಂಟು. ಅದನ್ನು ಊಟವೆನ್ನಬಾರದೆಂಬ ಸಮಾಧಾನವೂ ಉಂಟು.

ಇಷ್ಟಾದರೂ, ಒಂದು ಒಳ್ಳೆಯ ಆಟವನ್ನು ನೋಡಿ ಸಂತೋಷಪಡುವುದೆಲ್ಲ ಪಾಪವೆನ್ನುವುದು ಆಗಮಕ್ಕೆ ಸಮ್ಮತವಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳನ್ನು ಹೇಳುತ್ತದೆ. ತನಗಿಂತ ಗುಣದಲ್ಲಿ ಅಧಿಕರಾದವರನ್ನು ಕಂಡು ಹಿಗ್ಗುವುದು ಪ್ರಮೋದ. ವರ್ಷಗಟ್ಟಲೆ ಅಭ್ಯಾಸದಿಂದ ಪಳಗಿದ ಕೈಯ ಒಂದು ಹೊಡೆತವನ್ನು, ಓಟಗಾರನ ಉಸಿರಿನ ಹಿಡಿತವನ್ನು ಮೆಚ್ಚುವುದು ಈ ಪ್ರಮೋದಕ್ಕೆ ಸಮೀಪವಾದುದು. ಅದು ಅಪಧ್ಯಾನವಾಗಿ ತಿರುಗಿತೇ ಇಲ್ಲವೇ ಎಂದು ತಿಳಿಯಲು ದೊಡ್ಡ ಶಾಸ್ತ್ರಜ್ಞಾನ ಬೇಕಿಲ್ಲ. ಎದುರು ತಂಡದವನು ಅಷ್ಟೇ ಚೆಲುವಾದ ಹೊಡೆತ ಹೊಡೆದಾಗ ಮನೆಯಲ್ಲಿ ಮೆಚ್ಚುಗೆ ಕೇಳಿಸುತ್ತದೆಯೇ, ಮೌನ ಕವಿಯುತ್ತದೆಯೇ, ಬೈಗುಳ ಬರುತ್ತದೆಯೇ ಎಂದು ಗಮನಿಸಿದರೆ ಸಾಕು. ಮೆಚ್ಚುಗೆ ಗುಣಕ್ಕಾಗಿದ್ದರೆ ಅದು ಪಕ್ಷವನ್ನು ನೋಡುವುದಿಲ್ಲ. ಮಾಧ್ಯಮಕ್ಕೆ ಈ ಪ್ರಮೋದದಿಂದ ಹೆಚ್ಚಿನ ಲಾಭವಿಲ್ಲ. ಗುಣವನ್ನು ಮೆಚ್ಚುವವನು ಆಟ ಮುಗಿದೊಡನೆ ಎದ್ದುಹೋಗುತ್ತಾನೆ; ‘ನಮ್ಮವರು’ ಎಂದು ಹಚ್ಚಿಕೊಂಡವನು ಸೋತರೆ ಕುದಿಯುತ್ತಾ, ಗೆದ್ದರೆ ಬೀಗುತ್ತಾ ಮರುದಿನವೂ ಬರುತ್ತಾನೆ. ಆದುದರಿಂದಲೇ ಸಾಧಾರಣ ಪಂದ್ಯವೂ ಸೇಡು, ಸಮರ, ಮುಖಭಂಗವೆಂಬ ಮಾತುಗಳಲ್ಲಿ ವರ್ಣಿತವಾಗುತ್ತದೆ. ಕಷಾಯಗಳಲ್ಲಿ ಮಾನವನ್ನು ಹೀಗೆ ಪ್ರತಿದಿನ ಉರಿಸಿಡಲು ಒಂದು ಯಂತ್ರವೇ ಸಿದ್ಧವಾಗಿದೆ.

ಆ ಉರಿಗೆ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವೂ ಬಂದು ಸೇರಿಕೊಂಡಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದೇ ವರ್ಷ ಜೂನ್ 3ರಂದು ಬೆಂಗಳೂರಿನ ತಂಡವು ಐಪಿಎಲ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದಿತು. ಮರುದಿನ ಆಟಗಾರರನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೆರೆದ ಜನರ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹಾಸನ ಜಿಲ್ಲೆಯ ಒಬ್ಬ ಯುವಕನೂ ಇದ್ದನು. ಹೊಣೆ ಯಾರದೆಂಬುದನ್ನು ವಿಚಾರಣೆ ನಿರ್ಣಯಿಸಬೇಕು. ಸತ್ತವರನ್ನು ದೂಷಿಸುವುದಂತೂ ಅಧರ್ಮ. ಅವರು ಯಾರ ಸೋಲನ್ನೂ ಬಯಸಿ ಹೋದವರಲ್ಲ, ಹಿಗ್ಗನ್ನು ಹಂಚಿಕೊಳ್ಳಲು ಹೋದವರು. ಆದರೂ ಆ ದೃಶ್ಯದ ಮುಂದೆ ಆದಿಪುರಾಣದ ಮಂತ್ರಿಗಳ ವಿವೇಕ ನೆನಪಾಗದೆ ಇರದು. ನೋಡುವವರ ಪ್ರಾಣ ಉಳಿಯಲೆಂದು ಅವರು ಸ್ಪರ್ಧೆಯನ್ನು ಏರ್ಪಡಿಸಿದರು. ಇಲ್ಲಿ ಸ್ಪರ್ಧೆ ಮುಗಿದು, ಆಟಗಾರರೆಲ್ಲ ಕ್ಷೇಮವಾಗಿದ್ದು, ನೋಡಬಂದವರು ಮರಳಿ ಮನೆಗೆ ಹೋಗಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಇದು ಕ್ರೀಡಾಂಗಣದ ಮಾತು, ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಬಹುದು. ಆದರೆ ಪಾಠಶಾಲೆಯ ಸ್ತೋತ್ರಪಠಣಕ್ಕೂ ಮೊದಲ, ಎರಡನೆಯ, ಮೂರನೆಯ ಬಹುಮಾನಗಳಿವೆ. ಪೂಜೆಯ ಅವಕಾಶಗಳಿಗೆ ಸವಾಲು ಕೂಗುವುದಿದೆ. ದಾನಿಗೆ ಗೌರವ ಸಲ್ಲಬೇಕಾದದ್ದೇ, ಆ ಹಣದಿಂದ ನಡೆಯುವ ಲೋಕೋಪಕಾರವೂ ಸಣ್ಣದಲ್ಲ. ದಾನದ ಅನುಮೋದನೆ ಪುಣ್ಯವೆಂದೇ ಶಾಸ್ತ್ರ ಹೇಳುತ್ತದೆ. ಆದರೆ ಸವಾಲಿನ ಸಭೆಯಲ್ಲಿ ನೆರೆದವರು ಅನುಮೋದಿಸುವುದು ದಾನವನ್ನೋ, ಒಬ್ಬನು ಮತ್ತೊಬ್ಬನನ್ನು ಮೀರಿಸಿದ್ದನ್ನೋ? 2018ರ ಮಹಾಮಸ್ತಕಾಭಿಷೇಕದಲ್ಲಿ ಮೊದಲ ಕಲಶಕ್ಕೆ ಹನ್ನೊಂದು ಕೋಟಿ ರೂಪಾಯಿಗೂ ಮಿಕ್ಕಿ ಬಂದುದನ್ನು ಪತ್ರಿಕೆಗಳು ಆಟದ ಅಂಕದಂತೆಯೇ ಪ್ರಕಟಿಸಿದವು. ಕಲಶಗಳಿದ್ದದ್ದು ಅದೊಂದೇ ಅಲ್ಲ. ಚಾವುಂಡರಾಯನು ಮಾಡಿಸಿದ ಮೊದಲ ಅಭಿಷೇಕದ ಹಾಲು ಸ್ವಾಮಿಯ ಪಾದವನ್ನು ಮುಟ್ಟದೆ, ಗುಳ್ಳಕಾಯಿಯಲ್ಲಿ ಒಬ್ಬ ಅಜ್ಜಿ ತಂದ ಹಾಲಿನಿಂದ ಪೂರ್ಣವಾಯಿತೆಂಬ ಐತಿಹ್ಯವನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಅವಳ ಪ್ರತಿಮೆ ಸ್ವಾಮಿಗೆ ಇದಿರಾಗಿ, ಪ್ರಾಕಾರದ ಬಾಗಿಲ ಹೊರಗೆ ಇಂದಿಗೂ ಇದೆ. ಹನ್ನೆರಡು ವರ್ಷಗಳ ಲೆಕ್ಕದಲ್ಲಿ ಮುಂದಿನ ಅಭಿಷೇಕ 2030ರ ಸುಮಾರಿಗೆ ಬರಬೇಕು. ಕಲಶದ ಮೊತ್ತವನ್ನು ವರದಿಗಾರರಿಗೆ ಪ್ರಕಟಿಸಬೇಕೇ, ಬೇಡವೇ ಎಂಬುದನ್ನು ಚರ್ಚಿಸಲು ಸಮಾಜಕ್ಕೆ ಇನ್ನೂ ಸ್ವಲ್ಪ ಕಾಲಾವಕಾಶವಿದೆ.